ಇಂಗ್ಲಿಷ್ ಅಲಂಕಾರ, ವಾದದ ಪದಗಳು: ಕಾರ್ಡೋ, ಪ್ಯಾಸೇಜೋ?

ಮೈಸೂರು, ಮಂಡ್ಯದ ಪಿಯು ವಿದ್ಯಾರ್ಥಿಗಳ ಮುಂದೆ ಈ ಪದಗಳನ್ನು ಕಲಿಯಲು ಎರಡು ದಾರಿ: ಫ್ಲ್ಯಾಶ್‌ಕಾರ್ಡ್, ಇಲ್ಲವೇ ಪ್ಯಾಸೇಜಿನಲ್ಲೇ (ಓದುವ ಗದ್ಯಭಾಗದಲ್ಲೇ) ಗುರುತು ಹಾಕುವುದು.

ಅರಿಸ್ಟಾಟಲನ ಈಥೋಸ್ (ಮಾತಾಡುವವನ ವಿಶ್ವಾಸಾರ್ಹತೆ), ಪೇಥೋಸ್ (ಕೇಳುಗನ ಭಾವನೆ), ಲೋಗೋಸ್‌ಗೆ (ತರ್ಕ) ಕಾರ್ಡ್ ಸಾಕು. ಹಿಂಬದಿಯಲ್ಲಿ ವ್ಯಾಖ್ಯೆಯ ಜೊತೆ ನೀವೇ ಕಟ್ಟಿದ ಒಂದು ವಾಕ್ಯವಿರಲಿ. ಗೊಂದಲ ಹುಟ್ಟುವುದು ಜೋಡಿಗಳಲ್ಲಿ: 'ಅರಮನೆ ಆದೇಶ ಹೊರಡಿಸಿತು' ಮೆಟಾನಿಮಿ (ನಂಟಿರುವ ವಸ್ತುವಿನ ಹೆಸರಿನಿಂದ ಕರೆಯುವುದು), 'ನಾಟಿಗೆ ಹತ್ತು ಕೈ ಬೇಕು' ಸಿನೆಕ್ಡಕಿ (ಭಾಗದ ಹೆಸರಿನಿಂದ ಇಡಿಯನ್ನು ಕರೆಯುವುದು). ಇಂಥವನ್ನು ಒಂದೇ ಕಾರ್ಡಿನಲ್ಲಿ ಎದುರುಬದುರು ಬರೆಯಿರಿ.

ಪ್ಯಾಸೇಜು ನಿಧಾನ, ಆದರೆ ವಿಶ್ಲೇಷಣೆಯ ಉತ್ತರಕ್ಕೆ ಅದೇ ಮೇಲು. ಸಂಪಾದಕೀಯವೊಂದರಲ್ಲಿ ಕ್ಲೇಮ್‌ಗೆ (ಲೇಖಕ ಮಂಡಿಸುವ ನಿಲುವು) ಅಡಿಗೆರೆ, ಪುರಾವೆಗೆ ಚೌಕ. ಎರಡನ್ನೂ ಬೆಸೆಯುವ, ಹೆಚ್ಚಾಗಿ ಹೇಳದೇ ಉಳಿಯುವ ತರ್ಕವನ್ನು, ಅಂದರೆ ವಾರಂಟನ್ನು, ಅಂಚಿನಲ್ಲಿ ಬರೆಯಿರಿ. 'ಇಲ್ಲಿ ಅನಾಫೊರಾ (ಸಾಲುಸಾಲು ವಾಕ್ಯಗಳ ಆರಂಭದಲ್ಲಿ ಒಂದೇ ಪದ ಮರಳುವುದು) ಇದೆ' ಎಂದಷ್ಟೇ ಹೇಳಿ ನಿಲ್ಲಿಸುವುದು ಎಲ್ಲರೂ ಎಡವುವ ಜಾಗ. ಆ ಪುನರುಕ್ತಿ ಓದುಗನ ಮೇಲೆ ಮಾಡಿದ್ದೇನು ಎಂಬುದೇ ಉತ್ತರ.

ಮೂರೇ ದಿನ ಉಳಿದಿದ್ದರೆ ಕಾರ್ಡು. ಎರಡು ವಾರವಿದ್ದರೆ ಪ್ಯಾಸೇಜು, ತಪ್ಪಿದ ಪದಗಳಿಗೆ ಮಾತ್ರ ಕಾರ್ಡು.