ಬಿ.ಎಡ್. ಸೇರುವವರೇ, ‘ಕ್ಲಾಸಿಗೆ ಬರೋದೇ ಬೇಡ’ ಅನ್ನುವ ಕಾಲೇಜಿನಿಂದ ದೂರ ಇರಿ

ಡಿಗ್ರಿ ಮುಗಿಸಿ ಬಿ.ಎಡ್. ಸೀಟಿಗೆ ಓಡಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ ಕಾಲೇಜಿನ ಹೆಸರು ಹಾಕುವುದಿಲ್ಲ. ಅಂಥ ಕಾಲೇಜು ಅದೊಂದೇ ಅಲ್ಲ. ಲಕ್ಷಣ ಗೊತ್ತಿದ್ದರೆ ಸಾಕು.

ಅಡ್ಮಿಷನ್ ದಿನ ಆಫೀಸಿನವರು ಮಾರ್ಕ್ಸ್ ಕಾರ್ಡ್ ನೋಡುವ ಮೊದಲೇ ಕೇಳಿದ್ದು, ‘ಅಟೆಂಡಿಂಗಾ, ನಾನ್ ಅಟೆಂಡಿಂಗಾ ಮೇಡಂ?’ ಅಂತ. ದಿನಾ ಬರ್ತೀನಿ ಸಾರ್ ಅಂದೆ. ‘ಬನ್ನಿ, ಬೇಡ ಅನ್ನಲ್ಲ’ ಅಂದರು. ಆ ಮಾತಿನ ಅರ್ಥ ಕ್ಲಾಸ್ ಶುರುವಾದ ಮೇಲೆ ಗೊತ್ತಾಯಿತು. ಹಾಜರಿ ಪುಸ್ತಕದ ತುಂಬ ಹೆಸರು, ಬೆಂಚಿನ ಮೇಲೆ ಬೆರಳೆಣಿಕೆಯಷ್ಟು ಜನ. ಎಲ್ಲ ವಿಷಯಕ್ಕೂ ಒಬ್ಬರೇ ಉಪನ್ಯಾಸಕರು. ಅವರೂ ಹಳೇ ನೋಟ್ಸ್ ಓದಿಸಿ ಬರೆಸುತ್ತಿದ್ದರು. ಮೈಕ್ರೋ ಟೀಚಿಂಗ್ (ಕೆಲವೇ ನಿಮಿಷದ ಪುಟ್ಟ ಪಾಠ ಮಾಡಿ ಕಲಿಸುವ ಅಭ್ಯಾಸ) ಅನ್ನೋದು ರೆಕಾರ್ಡ್ ಬುಕ್‌ನಲ್ಲಿ ಮಾತ್ರ ನಡೆಯಿತು.

ನಿಯಮ ಏನು ಹೇಳುತ್ತೆ ಅಂತ ಆಮೇಲೆ ಹುಡುಕಿ ಓದಿದೆ. ಬಿ.ಎಡ್.ನಂಥ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ. ಅದರ 2014ರ ನಿಯಮಾವಳಿ ಪ್ರಕಾರ ಬಿ.ಎಡ್. ಎರಡು ವರ್ಷದ ಕೋರ್ಸ್. ಅಡ್ಮಿಷನ್ನು, ಪರೀಕ್ಷೆ ಬಿಟ್ಟು ವರ್ಷಕ್ಕೆ 200 ದಿನ ಕಾಲೇಜು ನಡೆಯಬೇಕು. ತರಗತಿಗಳಲ್ಲಿ ಶೇ. 80, ಶಾಲಾ ಇಂಟರ್ನ್‌ಶಿಪ್‌ನಲ್ಲಿ ಶೇ. 90 ಹಾಜರಾತಿ ಬೇಕು. ಅಂದರೆ ರೆಗ್ಯುಲರ್ ಬಿ.ಎಡ್.ನಲ್ಲಿ ‘ನಾನ್ ಅಟೆಂಡಿಂಗ್’ ಅನ್ನುವ ಬಗೆಯೇ ಇಲ್ಲ. ದೂರಶಿಕ್ಷಣದ ಬಿ.ಎಡ್. ಬೇರೆ, ಅದಕ್ಕೆ ಬೇಕಾದ ಅರ್ಹತೆಯೂ ಬೇರೆ. ಎರಡನ್ನೂ ಕಲಸಿ ಮಾತಾಡುವ ಏಜೆಂಟರಿದ್ದಾರೆ, ಹುಷಾರು.

ಯೂನಿವರ್ಸಿಟಿಯಿಂದ ಎಲ್‌ಐಸಿ ತಂಡ (ಕಾಲೇಜು ಪರಿಶೀಲಿಸುವ ಸಮಿತಿ) ಬರುವ ದಿನ ಮಾತ್ರ ಕಾಲೇಜು ಕಾಲೇಜಿನ ಹಾಗೆ ಕಾಣಿಸಿತು. ಹಿಂದೆಂದೂ ನೋಡದ ಲೆಕ್ಚರರ್‌ಗಳು ಸ್ಟಾಫ್ ರೂಮಿನಲ್ಲಿ ಕೂತಿದ್ದರು. ಬೀಗ ಬಿದ್ದಿದ್ದ ಲ್ಯಾಬ್ ತೆರೆದಿತ್ತು. ಯಾವತ್ತೂ ಬಾರದ ಸಹಪಾಠಿಗಳೆಲ್ಲ ಯೂನಿಫಾರಂ ಹಾಕಿ ಬಂದಿದ್ದರು. ಪಕ್ಕದಲ್ಲಿ ಕೂತಿದ್ದವಳು ‘ನಮ್ಮ ಪ್ರಿನ್ಸಿಪಾಲ್ ಯಾರೇ?’ ಅಂತ ನನ್ನನ್ನೇ ಕೇಳಿದಳು.

ನಗು ಬರುತ್ತೆ, ಅಲ್ವಾ? ಆದರೆ ಇಂಟರ್ನ್‌ಶಿಪ್ ವಿಷಯದಲ್ಲಿ ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತೆ.

ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯಲ್ಲಿರಬೇಕು. ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ಬಿ.ಎಡ್.ನ ಜೀವ ಇರೋದೇ ಇಲ್ಲಿ. ನೀವು ಪಾಠ ಮಾಡುವಾಗ ಅನುಭವಿ ಶಿಕ್ಷಕರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳಬೇಕು: ಬೋರ್ಡಿಗೆ ಮುಖ ಮಾಡಿಕೊಂಡೇ ಮಾತಾಡಿದರು, ಉತ್ತರ ಕೊಟ್ಟಿದ್ದು ಮುಂದಿನ ಸಾಲಿನ ಇಬ್ಬರೇ, ಪ್ರಶ್ನೆ ಕೇಳಿ ಮಕ್ಕಳಿಗೆ ಯೋಚಿಸೋಕೆ ಬಿಡದೆ ತಾವೇ ಹೇಳಿಬಿಟ್ಟರು. ಇಂಥದ್ದನ್ನು ಗೈಡ್ ಓದಿ ಕಲಿಯೋಕಾಗಲ್ಲ.

ನಮ್ಮಲ್ಲಿ ಏನಾಯಿತು ಅಂದರೆ, ಪ್ರಿನ್ಸಿಪಾಲರ ಮೇಜಿನ ಮೇಲೆ ಇಂಟರ್ನ್‌ಶಿಪ್ ಪ್ರಮಾಣಪತ್ರಗಳ ಒಂದು ಕಟ್ಟು ಇತ್ತು. ಕೆಳಗೆ ಶಾಲೆಯ ಸೀಲು, ಹೆಡ್‌ಮಾಸ್ಟರ್ ಸಹಿ ಆಗಲೇ ಬಿದ್ದಿದ್ದವು. ಹೆಸರು, ತಾರೀಖಿನ ಜಾಗ ಮಾತ್ರ ಖಾಲಿ. ‘ನಿಮ್ಮ ಅಕ್ಷರ ದುಂಡಗಿದೆ, ಎಲ್ಲರದ್ದೂ ನೀವೇ ಬರೆದುಬಿಡಿ ಮೇಡಂ’ ಅಂದರು. ನಾನು ಬರೆಯಲಿಲ್ಲ. ಶಾಲೆಗೆ ಕಳಿಸಿ ಅಂತ ಹಠ ಹಿಡಿದೆ. ಇಂಟರ್ನಲ್ ಮಾರ್ಕ್ಸ್ ನಮ್ಮ ಕೈಯಲ್ಲಿದೆ ಅಂತ ನೆನಪಿಸಿದರು. ಅಂತೂ ಸತಾಯಿಸಿ ಸತಾಯಿಸಿ ಒಂದು ಶಾಲೆಗೆ ಪತ್ರ ಕೊಟ್ಟರು. ಹೋಗಿ ನೋಡಿದರೆ ಅಲ್ಲಿ ಪೋರ್ಷನ್ ಮುಗಿದು ರಿವಿಷನ್ ನಡೆಯುತ್ತಿತ್ತು. ನಾನು ಮಾಡೋಕೆ ಪಾಠವೇ ಉಳಿದಿರಲಿಲ್ಲ.

ಇದರ ಪೆಟ್ಟು ಕೆಲಸಕ್ಕೆ ಸೇರಿದ ಮೇಲೆ ಬಿತ್ತು. ಏಳನೇ ಕ್ಲಾಸಿಗೆ ಭಿನ್ನರಾಶಿ ಭಾಗಾಕಾರ. ಎರಡನೇ ಭಿನ್ನರಾಶಿಯನ್ನು ತಿರುಗಿಸಿ ಗುಣಿಸಿ ಅಂದೆ. ‘ಯಾಕೆ ತಿರುಗಿಸಬೇಕು ಮಿಸ್?’ ಅಂತ ಒಬ್ಬ ಹುಡುಗ ಕೇಳಿದ. ಗಣಿತ ನನಗೆ ಗೊತ್ತಿತ್ತು. ಅವನಿಗೆ ತಿಳಿಯೋ ಹಾಗೆ ಎಲ್ಲಿಂದ ಶುರು ಮಾಡಬೇಕು ಅನ್ನೋದು ಗೊತ್ತಿರಲಿಲ್ಲ. ಅರ್ಧದಲ್ಲಿ ಎಷ್ಟು ಕಾಲು ಇದೆ ಅಂತ ಕಾಗದ ಮಡಚಿ ತೋರಿಸಬಹುದು ಅಂತ ಹೇಳಿಕೊಟ್ಟಿದ್ದು ಅಲ್ಲಿನ ಹಿರಿಯ ಟೀಚರ್. ಅದನ್ನು ಹೇಳಿಕೊಡೋಕೆ ಫೀಸ್ ತೆಗೆದುಕೊಂಡವರು ಬೇರೆ ಇದ್ದರು.

ಫೀಸ್ ಅಂದಾಗ ನೆನಪಾಯಿತು. ಪರೀಕ್ಷೆ ಹತ್ತಿರ ಬಂದಾಗ ‘ಅಟೆಂಡೆನ್ಸ್ ಶಾರ್ಟೇಜ್’ ಅಂತ ದುಡ್ಡು ಕೇಳಿದರು. ದಿನಾ ಹೋಗುತ್ತಿದ್ದ ನಮ್ಮ ಹತ್ತಿರವೂ! ರಸೀದಿ ಇಲ್ಲ, ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿಸಿ ಎಲ್ಲ ಅವರ ಬೀರುವಿನಲ್ಲಿದ್ದರೆ ಜಗಳ ಆಡೋಕೂ ಧೈರ್ಯ ಬರಲ್ಲ. ಒರಿಜಿನಲ್ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ, ನೋಡಿ ವಾಪಸ್ ಕೊಡಬೇಕು ಅಂತ ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟು, ಸ್ವೀಕೃತಿಗೆ ಸಹಿ ಹಾಕಿ ಅಂದ ಮೇಲೆ ನನ್ನ ದಾಖಲೆ ಹೊರಗೆ ಬಂತು.

ಇನ್ನೊಂದು ಸುಳ್ಳು: ‘ಬಿ.ಎಡ್. ಇದ್ದರೆ ಒಂದರಿಂದ ಹತ್ತರವರೆಗೆ ಎಲ್ಲಿ ಬೇಕಾದ್ರೂ ಟೀಚರ್ ಆಗಬಹುದು.’ ಆಗಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಒಂದರಿಂದ ಐದನೇ ತರಗತಿ ಶಿಕ್ಷಕರ ನೇಮಕಾತಿಗೆ ಬಿ.ಎಡ್. ಅರ್ಹತೆ ಅಲ್ಲ, ಅದಕ್ಕೆ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಬೇಕು. ಆರರಿಂದ ಎಂಟಕ್ಕೆ ಬಿ.ಎಡ್. ನಡೆಯುತ್ತೆ, ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ ಪಾಸಾಗಿರಬೇಕು. ಚಿಕ್ಕ ಮಕ್ಕಳಿಗೆ ಕಲಿಸೋ ಆಸೆ ಇದ್ದವರು ಸುಮ್ನೆ ಎರಡು ವರ್ಷ ಬಿ.ಎಡ್.ಗೆ ಹಾಕಬೇಡಿ.

ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಈಗಲೂ ಇದೆಯಾ ಅಂತ ಎನ್‌ಸಿಟಿಇ ವೆಬ್‌ಸೈಟಿನಲ್ಲೇ ನೋಡಿ. ಗೋಡೆಗೆ ಹಾಕಿರುವ ಫ್ರೇಮ್ ನಂಬಬೇಡಿ. ಮಾನ್ಯತೆ ಇಲ್ಲದ ಕಡೆ ಪಡೆದ ಬಿ.ಎಡ್. ಸರ್ಕಾರಿ ಶಾಲೆಗಾಗಲಿ ಅನುದಾನಿತ ಶಾಲೆಗಾಗಲಿ ನಡೆಯಲ್ಲ ಅಂತ 1993ರ ಎನ್‌ಸಿಟಿಇ ಕಾಯ್ದೆಯೇ ಹೇಳುತ್ತೆ. ಆದರೆ ಮಾನ್ಯತೆ ಇದ್ದ ಮಾತ್ರಕ್ಕೆ ಪಾಠ ನಡೆಯುತ್ತೆ ಅಂತಲ್ಲ. ನಮ್ಮ ಕಾಲೇಜಿಗೂ ಇತ್ತು.

ಅದಕ್ಕೇ ಕಾಲೇಜು ನೋಡೋಕೆ ಅಡ್ಮಿಷನ್ ಸಮಯದಲ್ಲಿ ಹೋಗಬೇಡಿ, ಸೆಮಿಸ್ಟರ್ ನಡುವೆ ಹೋಗಿ. ಸೀನಿಯರ್‌ಗಳು ಯಾವ ಶಾಲೆಗೆ ಇಂಟರ್ನ್‌ಶಿಪ್‌ಗೆ ಹೋಗಿದ್ದಾರೆ ಅಂತ ಕೇಳಿಕೊಂಡು ಆ ಶಾಲೆಗೂ ಒಮ್ಮೆ ಹೋಗಿ ಬನ್ನಿ. ‘ಬಿ.ಎಡ್.ನವರು ಬಂದ್ರೆ ಸ್ಟಾಫ್ ರೂಮಲ್ಲಿ ಕುರ್ಚಿನೇ ಸಿಗಲ್ಲ’ ಅಂತ ಅಲ್ಲಿನ ಟೀಚರ್‌ಗಳು ಗೊಣಗಿದರೆ ಧೈರ್ಯವಾಗಿ ಸೇರಿ. ‘ಯಾವ ಕಾಲೇಜು ಅಂದ್ರಿ?’ ಅಂತ ಕೇಳಿದರೆ ಬೇರೆ ಕಾಲೇಜು ಹುಡುಕಿ.