ಪಬ್ಲಿಕ್ ವೈಫೈನಲ್ಲಿ ಬಿಟ್‌ಕಾಯಿನ್ ವಾಲೆಟ್: ಕೋರ್, ಎಲೆಕ್ಟ್ರಮ್, ಬ್ಲೂವಾಲೆಟ್ ಮೂರನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಎಲೆಕ್ಟ್ರಮ್‌ಗೆ. ನನ್ನ ಹತ್ತಿರ ಸ್ವಂತ ಇಂಟರ್ನೆಟ್ ಲೈನ್ ಇಲ್ಲ. ಹಾಸ್ಟೆಲ್ ವೈಫೈ, ಗ್ರಂಥಾಲಯದ ವೈಫೈ, ಎರಡೂ ಕೈಕೊಟ್ಟರೆ ಫೋನಿನ ಹಾಟ್‌ಸ್ಪಾಟ್, ಅದೂ ದಿನಕ್ಕೆ ಇಷ್ಟೇ ಅಂತ ಮಿತಿ ಇರುವ ಡೇಟಾ. ಲ್ಯಾಪ್‌ಟಾಪ್ ಹಳೆಯದು. 256 ಜಿಬಿ ಡಿಸ್ಕ್‌ನಲ್ಲಿ ಖಾಲಿ ಉಳಿದದ್ದು 90. ಇಷ್ಟರಲ್ಲೇ ಬಿಟ್‌ಕಾಯಿನ್ ವಾಲೆಟ್ ಹಾಕಿಕೊಳ್ಳಬೇಕು, ಕೀ, ಅಂದರೆ ಆ ಬಿಟ್‌ಕಾಯಿನ್ ಖರ್ಚು ಮಾಡಲು ಬೇಕಾಗುವ ಗುಟ್ಟಿನ ಸಂಖ್ಯೆ, ಮಾತ್ರ ನನ್ನ ಕೈಯಲ್ಲೇ ಇರಬೇಕು ಅಂತ ಹೊರಟೆ.

ಬಿಟ್‌ಕಾಯಿನ್ ಕೊಂಡು ಮಾರುವ ಎಕ್ಸ್‌ಚೇಂಜ್ ತಾಣದಲ್ಲೇ ಬಿಟ್ಟರೆ ಆಯ್ತಲ್ವಾ ಅಂತ ನೀವು ಕೇಳಬಹುದು. ಬ್ರೌಸರ್‌ನಲ್ಲಿ ಲಾಗಿನ್ ಆದರೆ ಮುಗೀತು, ಯಾವ ವೈಫೈ ಆದರೂ ನಡೆಯುತ್ತದೆ, ನಿಜ. ಆದರೆ ಅಲ್ಲಿ ಕೀ ನಿಮ್ಮದಲ್ಲ. 2014ರಲ್ಲಿ ಮೌಂಟ್ ಗಾಕ್ಸ್, 2022ರಲ್ಲಿ ಎಫ್‌ಟಿಎಕ್ಸ್ ಅನ್ನುವ ಎಕ್ಸ್‌ಚೇಂಜ್‌ಗಳು ಮುಳುಗಿದಾಗ ಹಣ ಇಟ್ಟಿದ್ದವರು ವರ್ಷಗಟ್ಟಲೆ ಕಾದರು. ಹಾಗಾಗಿ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಶುರು ಮಾಡಿದ್ದು ಬಿಟ್‌ಕಾಯಿನ್ ಕೋರ್‌ನಿಂದ. ಯಾರನ್ನು ಕೇಳಿದರೂ "ಸ್ವಂತ ನೋಡ್ ನಡೆಸು, ಯಾರನ್ನೂ ನಂಬಬೇಡ" ಅನ್ನುತ್ತಿದ್ದರು. ನೋಡ್ ಅಂದರೆ ಬಿಟ್‌ಕಾಯಿನ್‌ನ ಎಲ್ಲಾ ವ್ಯವಹಾರಗಳ ದಾಖಲೆಯನ್ನು ತಾನೇ ಪರೀಕ್ಷಿಸುವ ಕಂಪ್ಯೂಟರ್, ಆ ದಾಖಲೆಯ ಒಂದೊಂದು ಕಟ್ಟೇ ಬ್ಲಾಕ್. ಮಾತು ಸರಿಯೇ. ಕೋರ್ 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ ಇವತ್ತಿನವರೆಗಿನ ಪ್ರತಿಯೊಂದು ಬ್ಲಾಕ್ ಇಳಿಸಿಕೊಂಡು ತಾನೇ ಪರೀಕ್ಷೆ ಮಾಡುತ್ತದೆ. ಅದಕ್ಕೇ ಅದು ಅಷ್ಟು ಗಟ್ಟಿ. ಆದರೆ ಬ್ಲಾಕ್‌ಗಳ ಆ ಸರಪಣಿ ಈಗ 600 ಜಿಬಿ ದಾಟಿದೆ. ಪ್ರೂನ್ ಅಂತ ಒಂದು ಆಯ್ಕೆ ಇದೆ, ಹಾಕಿದರೆ ಬ್ಲಾಕ್‌ಗಳನ್ನು 550 ಎಂಬಿ ಜಾಗದಲ್ಲೇ ಇಟ್ಟುಕೊಳ್ಳಬಹುದು. ಇಲ್ಲೇ ನಾನು ತಪ್ಪು ತಿಳಿದುಕೊಂಡದ್ದು. ಪ್ರೂನ್ ಉಳಿಸುವುದು ಡಿಸ್ಕ್ ಜಾಗವನ್ನು, ಡೇಟಾವನ್ನಲ್ಲ. ಇಳಿಸುವುದು ಎಲ್ಲವನ್ನೂ ಇಳಿಸಲೇಬೇಕು, ನೋಡಿದ ಮೇಲೆ ಹಳೆಯದನ್ನು ಅಳಿಸುತ್ತಾ ಹೋಗುತ್ತದೆ ಅಷ್ಟೇ.

ಲೆಕ್ಕ ಹಾಕಿ ನೋಡಿ. ವೈಫೈ ವೇಗ 10 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 1.25 ಎಂಬಿ. ದಿನಕ್ಕೆ ಒಂದು ಲಾಗಿನ್, ಅದಕ್ಕೆ ಎರಡು ಗಂಟೆ ಕೊಡುತ್ತಾರೆ ಅಂದುಕೊಳ್ಳಿ, ಒಂದು ದಿನಕ್ಕೆ 9 ಜಿಬಿ. 600 ಜಿಬಿಗೆ 67 ದಿನ. ಅದೂ ಬೇರೆ ಯಾರೂ ಆ ಲೈನ್ ಬಳಸದಿದ್ದರೆ. ಹತ್ತು ಜನ ಓದಿಕೊಳ್ಳುವ ಕಡೆ ಇಡೀ ಲೈನ್ ನಾನೊಬ್ಬನೇ ಎಳೆದುಕೊಂಡು ಕೂರುವುದು ಸರಿಯಲ್ಲ ಅನ್ನುವುದೂ ಆಮೇಲೆ ಮನಸ್ಸಿಗೆ ಬಂತು.

ಮೊದಲ ಸಂಜೆ ಮಾತ್ರ ತುಂಬಾ ಖುಷಿ. ಆರಂಭದ ವರ್ಷಗಳ ಬ್ಲಾಕ್‌ಗಳಲ್ಲಿ ವ್ಯವಹಾರವೇ ಕಡಿಮೆ, ಹಾಗಾಗಿ "ಇಷ್ಟು ವರ್ಷ ಹಿಂದಿದೆ" ಅಂತ ತೋರಿಸುವ ಅಂಕಿ ನೋಡನೋಡುತ್ತಲೇ ಇಳಿಯಿತು, ಒಂದೇ ಸಲ ಕೂತು 2013ಕ್ಕೆ ಬಂದುಬಿಟ್ಟೆ. ಆಮೇಲೆ ಆಮೆ ನಡಿಗೆ. ಹನ್ನೊಂದನೆಯ ದಿನ 2016ರ ಕೊನೆಗೆ ಬಂದಿತ್ತು. ಅವತ್ತು ಚಾರ್ಜರ್ ಪ್ಲಗ್ ಸಡಿಲವಾಗಿತ್ತು, ನಾನು ನೋಡಿರಲಿಲ್ಲ, ಬ್ಯಾಟರಿ ಖಾಲಿಯಾಗಿ ಲ್ಯಾಪ್‌ಟಾಪ್ ದಢಕ್ಕನೆ ಆರಿತು. ಮತ್ತೆ ತೆರೆದಾಗ ಡೇಟಾಬೇಸ್ ಕೆಟ್ಟಿದೆ, ಮೊದಲಿನಿಂದ ಕಟ್ಟಲೇ ಅಂತ ಕೇಳಿತು. ಪೂರ್ತಿ ನೋಡ್ ಆಗಿದ್ದರೆ ಡಿಸ್ಕ್‌ನಲ್ಲಿರುವ ಬ್ಲಾಕ್‌ಗಳಿಂದಲೇ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಪ್ರೂನ್ ಮಾಡಿದ್ದರಿಂದ ಹಳೆಯ ಬ್ಲಾಕ್‌ಗಳೇ ಇರಲಿಲ್ಲ. ಅಂದರೆ ಮತ್ತೆ 2009ರಿಂದ. ಹನ್ನೊಂದು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅವತ್ತೇ ಕೋರ್ ತೆಗೆದೆ.

ಕೋರ್ ಬಗ್ಗೆ ಇನ್ನೊಂದು ಒಳ್ಳೆಯ ಮಾತು ಹೇಳಬೇಕು. ಇನ್‌ಸ್ಟಾಲರ್ ಇಳಿಸುವಾಗ ವೈಫೈ ಲಾಗಿನ್ ಅವಧಿ ಮುಗಿದು ಫೈಲ್ ಅರ್ಧಕ್ಕೇ ನಿಂತಿತ್ತು, ಬ್ರೌಸರ್ ಮಾತ್ರ ಮುಗಿಯಿತು ಅಂತಲೇ ತೋರಿಸಿತು. ಕೋರ್‌ನವರು ಪ್ರತಿ ಆವೃತ್ತಿಯ ಜೊತೆ ಹ್ಯಾಶ್‌ಗಳ, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತುಗಳ, ಪಟ್ಟಿ ಕೊಡುತ್ತಾರೆ, ಅದಕ್ಕೆ ಹಲವು ಜನ ಸಹಿ ಹಾಕಿರುತ್ತಾರೆ. ನನ್ನ ಫೈಲಿನ ಹ್ಯಾಶ್ ತಾಳೆಯಾಗಲಿಲ್ಲ, ಅದರಿಂದಲೇ ಗೊತ್ತಾಯಿತು. ಪಬ್ಲಿಕ್ ವೈಫೈನಲ್ಲಿ ಇಳಿಸುವಾಗ ಈ ಒಂದು ನಿಮಿಷದ ಕೆಲಸ ದಯವಿಟ್ಟು ಬಿಡಬೇಡಿ.

ಈಗ ಎಲೆಕ್ಟ್ರಮ್. 2011ರಿಂದ ಇರುವ ತಂತ್ರಾಂಶ, ಬರೆಯಲು ಶುರು ಮಾಡಿದವರು ಥಾಮಸ್ ವೋಗ್ಟ್ಲಿನ್. ಇದು ಇಡೀ ಸರಪಣಿ ಇಳಿಸುವುದಿಲ್ಲ. ಒಂದು ಬ್ಲಾಕ್‌ನ ತಲೆಬರಹ 80 ಬೈಟ್ ಮಾತ್ರ, ಒಂಬತ್ತು ಲಕ್ಷ ಬ್ಲಾಕ್ ಆದರೂ ಎಲ್ಲಾ ಸೇರಿ 72 ಎಂಬಿ. ಹಳೆಯ ಬ್ಲಾಕ್‌ಗಳನ್ನು ತಾಳೆ ನೋಡುವ ಗುರುತುಗಳು (ಚೆಕ್‌ಪಾಯಿಂಟ್) ಪ್ರೋಗ್ರಾಂ ಜೊತೆಗೇ ಬರುವುದರಿಂದ ಅಷ್ಟೂ ಬೇಕಾಗುವುದಿಲ್ಲ. ನಾನು ಬಿಟ್‌ಕಾಯಿನ್ ಪಡೆಯುವ ಅಡ್ರೆಸ್‌ಗಳಿಗೆ ಸೇರಿದ ವಿವರವನ್ನು ಮಾತ್ರ ಬೇರೆಯವರ ಸರ್ವರ್‌ನಿಂದ ಕೇಳಿ ತರಿಸಿಕೊಳ್ಳುತ್ತದೆ. ಕೀ ಮಾತ್ರ ನನ್ನ ಲ್ಯಾಪ್‌ಟಾಪ್ ಬಿಟ್ಟು ಹೋಗುವುದಿಲ್ಲ, ಹಣ ಕಳಿಸುವಾಗ ಆ ಕೀಯಿಂದ ಸಹಿ ಆಗುವುದೂ ಇಲ್ಲೇ.

ಆದರೆ ಗ್ರಂಥಾಲಯದಲ್ಲಿ ಇದು ನನ್ನ ಎರಡು ಸಂಜೆ ತಿಂದಿತು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಜಾಸ್ತಿ ಕೈಬಿಡುವುದು ಇಲ್ಲೇ ಅಂತ ನನ್ನ ಅನಿಸಿಕೆ.

ಎಲೆಕ್ಟ್ರಮ್ ಕಿಟಕಿಯ ಕೆಳಗೆ ಬಲಮೂಲೆಯಲ್ಲಿ ಒಂದು ಸಣ್ಣ ಬಣ್ಣದ ಚುಕ್ಕೆ ಇರುತ್ತದೆ. ಹಸಿರು ಇದ್ದರೆ ಸರ್ವರ್ ಸಿಕ್ಕಿದೆ, ಕೆಂಪು ಇದ್ದರೆ ಇಲ್ಲ. ನನ್ನದು ಕೆಂಪು. ಮೊದಲು ವೈಫೈನ ಲಾಗಿನ್ ಪುಟದಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟಿಲ್ಲವೇನೋ ಅಂದುಕೊಂಡೆ. ಆ ಪುಟ ಬ್ರೌಸರ್ ತೆರೆದರೆ ಮಾತ್ರ ಬರುತ್ತದೆ, ಅದನ್ನು ದಾಟದೆ ಬೇರೆ ಯಾವ ಪ್ರೋಗ್ರಾಂಗೂ ಇಂಟರ್ನೆಟ್ ಸಿಗುವುದಿಲ್ಲ. ಬ್ರೌಸರ್ ತೆರೆದು ಲಾಗಿನ್ ಆದೆ, ಸುದ್ದಿ ಪುಟ ಬಂತು, ವಿಡಿಯೋ ಓಡಿತು. ಚುಕ್ಕೆ ಮಾತ್ರ ಕೆಂಪು. ಎಲೆಕ್ಟ್ರಮ್ ಮುಚ್ಚಿ ತೆರೆದೆ, ಕೆಂಪು. ತೆಗೆದು ಮತ್ತೆ ಹಾಕಿದೆ, ಕೆಂಪು. ಸರ್ವರ್ ಪಟ್ಟಿಯಿಂದ ಒಂದೊಂದನ್ನೇ ಕ್ಲಿಕ್ ಮಾಡುತ್ತಾ ಕೂತೆ, ಎಲ್ಲವೂ ಕೆಂಪು. ಆ ಹೊತ್ತಿಗೆ ವಾಲೆಟ್‌ನಲ್ಲಿ ಪ್ರಯೋಗಕ್ಕೆ ಅಂತ ಕಳಿಸಿಕೊಂಡಿದ್ದ ಸ್ವಲ್ಪ ಬಿಟ್‌ಕಾಯಿನ್ ಇತ್ತು. ಅದು ಬಂತೋ ಇಲ್ಲವೋ ನೋಡಲೂ ಆಗದೆ ಹೊಟ್ಟೆಯಲ್ಲಿ ಏನೋ ಸಂಕಟ.

ಎರಡನೆಯ ಸಂಜೆ ಸುಮ್ನೆ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಅದಕ್ಕೆ ಸೇರಿಸಿ ನೋಡಿದೆ. ನಾಲ್ಕೇ ಸೆಕೆಂಡ್, ಹಸಿರು. ಬಿಟ್‌ಕಾಯಿನ್ ಯಾವಾಗಲೋ ಬಂದು ಕೂತಿತ್ತು. ಮತ್ತೆ ಗ್ರಂಥಾಲಯದ ವೈಫೈಗೆ ಬಂದರೆ ಕೆಂಪು. ಆಗ ಹೊಳೆಯಿತು, ತೊಂದರೆ ಎಲೆಕ್ಟ್ರಮ್‌ನದಲ್ಲ, ನನ್ನದೂ ಅಲ್ಲ, ಪೋರ್ಟ್‌ನದು, ಅಂದರೆ ಇಂಟರ್ನೆಟ್ ಸಂಪರ್ಕ ಹಾದುಹೋಗುವ ನಂಬರ್ ಹಾಕಿದ ಬಾಗಿಲಿನದು.

ಸಾಮಾನ್ಯ ವೆಬ್ ಪುಟಗಳು ಬರುವುದು 80 ಮತ್ತು 443 ಅನ್ನುವ ಪೋರ್ಟ್‌ಗಳಲ್ಲಿ. ಎಷ್ಟೋ ಪಬ್ಲಿಕ್ ವೈಫೈಗಳು ಈ ಎರಡನ್ನು ಬಿಟ್ಟು ಉಳಿದ ಬಾಗಿಲುಗಳನ್ನೆಲ್ಲ ಮುಚ್ಚಿರುತ್ತವೆ. ಎಲೆಕ್ಟ್ರಮ್ ಸರ್ವರ್‌ಗಳು ಹೆಚ್ಚಾಗಿ ಕೇಳುವುದು 50002ರಲ್ಲಿ. ಕೋರ್ ಬಳಸುವುದು 8333, ಹಾಗಾಗಿ ಇದೇ ಗ್ರಂಥಾಲಯದಲ್ಲಿ ಕೋರ್ ಹಾಕಿದ್ದರೆ ಒಂದು ಬ್ಲಾಕ್ ಕೂಡ ಇಳಿಯುತ್ತಿರಲಿಲ್ಲ. ಹಾಸ್ಟೆಲ್‌ನಲ್ಲಿ ಬಾಗಿಲು ತೆರೆದಿತ್ತು, ಇಲ್ಲಿ ಇಲ್ಲ. ಈ ಮಾತನ್ನು ಯಾವ ಎರರ್ ಸಂದೇಶವೂ ಹೇಳಲಿಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ. "ಸಂಪರ್ಕ ಇಲ್ಲ" ಅಂತ ಎರಡೇ ಪದ. ಯಾಕೆ ಇಲ್ಲ ಅಂತ ಒಂದು ಸಾಲು ಸೇರಿಸಿದ್ದರೆ ನನ್ನ ಎರಡು ಸಂಜೆ ಉಳಿಯುತ್ತಿತ್ತು.

ದಾರಿ ಎರಡಿವೆ. 443ರಲ್ಲಿ ಕೇಳುವ ಸರ್ವರ್‌ಗಳೂ ಕೆಲವಿವೆ. ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ, ಸರ್ವರನ್ನು ತಾನೇ ಆರಿಸಿಕೊಳ್ಳುವ ಗುರುತು ತೆಗೆದು, ಸರ್ವರ್ ಹೆಸರಿನ ನಂತರ ಕೋಲನ್ ಹಾಕಿ 443 ಅಂತ ಬರೆಯಬೇಕು. ಇನ್ನೊಂದು ದಾರಿ ಟಾರ್ ಬ್ರೌಸರ್, ಸಂಪರ್ಕವನ್ನು ಬೇರೆ ಬೇರೆ ಕಂಪ್ಯೂಟರ್‌ಗಳ ಮೂಲಕ ಸುತ್ತಿಸಿ ನೀವು ಎಲ್ಲಿದ್ದೀರಿ ಅನ್ನುವುದನ್ನು ಮರೆಮಾಡುವಂಥದ್ದು. ಅದನ್ನು ತೆರೆದು, ಅದರ ಕನೆಕ್ಷನ್ ಸೆಟ್ಟಿಂಗ್‌ನಲ್ಲಿ 80 ಮತ್ತು 443 ಮಾತ್ರ ತೆರೆದಿವೆ ಅಂತ ತಿಳಿಸಿ, ಸಂಪರ್ಕ ಆದ ಮೇಲೆ ಎಲೆಕ್ಟ್ರಮ್‌ನ ಪ್ರಾಕ್ಸಿ (ನಡುವಿನ ದಾರಿ) ಜಾಗದಲ್ಲಿ ಸಾಕ್ಸ್5, 127.0.0.1, ಪೋರ್ಟ್ 9150 ಅಂತ ಕೊಟ್ಟರೆ ಆಯಿತು. ಟಾರ್ ಬ್ರೌಸರ್ ತೆರೆದೇ ಇರಬೇಕು, ಮುಚ್ಚಿದರೆ ಮತ್ತೆ ಕೆಂಪು. ನಾನು ಇದನ್ನೇ ಇಟ್ಟುಕೊಂಡೆ. ಪ್ರಾಕ್ಸಿ ಮೂಲಕ ಹೋದಾಗ ಚುಕ್ಕೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ಆ ನೀಲಿ ಮೊದಲ ಸಲ ಕಂಡಾಗ ಆದ ಸಮಾಧಾನ ಇನ್ನೂ ನೆನಪಿದೆ. ಇದರಿಂದ ಇನ್ನೊಂದು ಲಾಭವೂ ಇದೆ. ಎಲೆಕ್ಟ್ರಮ್ ಸರ್ವರ್ ನಡೆಸುವವರಿಗೆ ನಿಮ್ಮ ಅಡ್ರೆಸ್‌ಗಳು ಯಾವುವು ಅಂತ ಕಾಣುತ್ತದೆ. ಟಾರ್ ಇದ್ದರೆ ಅವು ಎಲ್ಲಿಂದ ಬಂದವು ಅನ್ನುವುದಾದರೂ ಮರೆಯಾಗುತ್ತದೆ. ಟಾರನ್ನೇ ತಡೆಯುವ ವೈಫೈಗಳೂ ಇವೆ, ಅಲ್ಲಿ ಮೊದಲನೆಯ ದಾರಿಯೇ ಗತಿ.

ಇನ್ನು ಭಯದ ವಿಷಯ. ಪಕ್ಕದ ಟೇಬಲ್‌ನವರು ವೈಫೈನಲ್ಲಿ ಕದ್ದು ನೋಡಿ ನನ್ನ ಬಿಟ್‌ಕಾಯಿನ್ ಎತ್ತಿಕೊಳ್ಳುತ್ತಾರಾ? ಕೀ ವೈಫೈ ಮೇಲೆ ಹೋಗುವುದೇ ಇಲ್ಲ, ಹಾಗಾಗಿ ಹಾಗೆ ಸುಲಭವಾಗಿ ಆಗುವುದಿಲ್ಲ. ಆದರೆ ಎಲೆಕ್ಟ್ರಮ್ ಸರ್ವರ್‌ಗಳಲ್ಲಿ ಬಹಳಷ್ಟು ತಾವೇ ಮಾಡಿಕೊಂಡ ಸರ್ಟಿಫಿಕೇಟ್ (ತಾನು ಯಾರು ಅಂತ ಸರ್ವರ್ ತೋರಿಸುವ ಗುರುತುಚೀಟಿ) ಬಳಸುತ್ತವೆ, ಪ್ರೋಗ್ರಾಂ ಮೊದಲ ಸಲ ಕಂಡದ್ದನ್ನು ನಂಬಿ ನೆನಪಿಟ್ಟುಕೊಳ್ಳುತ್ತದೆ. ಆ ಮೊದಲ ಸಲ ಪಬ್ಲಿಕ್ ವೈಫೈನಲ್ಲಿ ಆಗದಿರಲಿ, ನಿಮ್ಮದೇ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಆಗಲಿ. ಖರ್ಚಾಗುವ ಡೇಟಾ ಲೆಕ್ಕಕ್ಕೇ ಬರುವುದಿಲ್ಲ. ಪಬ್ಲಿಕ್ ಕಂಪ್ಯೂಟರ್ ಬೇರೆ ಮಾತು. ವೈಫೈ ಬೇರೆಯವರದಾದರೂ ಪರವಾಗಿಲ್ಲ, ಕೀಬೋರ್ಡ್ ಮಾತ್ರ ನಿಮ್ಮದೇ ಇರಬೇಕು.

ನಿಜವಾದ ಅಪಾಯ ಬಂದದ್ದು ಬೇರೆ ಕಡೆಯಿಂದ. 2018ರ ಡಿಸೆಂಬರ್‌ನಲ್ಲಿ ಕಳ್ಳರು ತಾವೇ ಎಲೆಕ್ಟ್ರಮ್ ಸರ್ವರ್‌ಗಳನ್ನು ನಡೆಸಿದರು. ಯಾರಾದರೂ ಹಣ ಕಳಿಸಲು ಹೋದರೆ ಎರರ್ ಬಂದ ಹಾಗೆ ಮಾಡಿ, "ಹೊಸ ಆವೃತ್ತಿ ಹಾಕಿಕೊಳ್ಳಿ" ಅಂತ ನಕಲಿ ಪ್ರೋಗ್ರಾಂನ ಕೊಂಡಿ ತೋರಿಸಿದರು. ನಂಬಿ ಹಾಕಿಕೊಂಡವರ ಬಿಟ್‌ಕಾಯಿನ್ ಹೋಯಿತು. ಆಮೇಲಿನ ಆವೃತ್ತಿಗಳಲ್ಲಿ ಸರ್ವರ್ ಕಳಿಸಿದ ಮಾತನ್ನು ಹಾಗೆಯೇ ತೋರಿಸುವುದನ್ನು ನಿಲ್ಲಿಸಿದ್ದಾರೆ. ಆದರೂ ಅಪ್‌ಡೇಟ್ ಬೇಕಾದರೆ ಅಧಿಕೃತ ತಾಣದ ಹೆಸರನ್ನು ನೀವೇ ಟೈಪ್ ಮಾಡಿ ಹೋಗಿ, ಸಹಿ ತಾಳೆ ನೋಡಿ.

ಫೋನಿನಲ್ಲಿ ಹಾಕಿದ ಬ್ಲೂವಾಲೆಟ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಹಾಕಿದ ತಕ್ಷಣ ಅದೇ ಗ್ರಂಥಾಲಯದಲ್ಲಿ ನಡೆಯಿತು, ಅದು ಮೊದಲಿನಿಂದಲೇ 443ರಲ್ಲಿ ಮಾತಾಡುತ್ತದೆ. ಬರೀ ಸ್ವಲ್ಪ ಮೊತ್ತ, ಬರೀ ಫೋನ್, ತಲೆನೋವು ಬೇಡ ಅನ್ನುವವರಿಗೆ ಇದೇ ಸಾಕು. ನನಗೆ ಹಿಡಿಸದಿರಲು ಕಾರಣ ನನ್ನ ಅಭ್ಯಾಸ. ನನ್ನ ಫೋನ್ ಮನೆಮಂದಿಯ ಕೈಯಲ್ಲೆಲ್ಲ ಓಡಾಡುತ್ತದೆ, ಮಕ್ಕಳು ಆಟ ಆಡುತ್ತಾರೆ. ಅಡ್ರೆಸ್‌ನ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ತಾಳೆ ನೋಡಲು ನನಗೆ ದೊಡ್ಡ ಪರದೆಯೇ ಬೇಕು.

ವಾಲೆಟ್ ಹುಟ್ಟಿಸುವಾಗ ಎಲೆಕ್ಟ್ರಮ್ ಕೊಡುವ, ಮುಂದೆ ಅದನ್ನು ಮರಳಿ ತರಲು ಬೇಕಾಗುವ ಹನ್ನೆರಡು ಪದಗಳ ಬಗ್ಗೆ ಒಂದು ಮಾತು. ವಾಲೆಟ್ ಹುಟ್ಟಿಸಲು ಇಂಟರ್ನೆಟ್ ಬೇಕಾಗಿಲ್ಲ. ನಾನು ವೈಫೈ ಆಫ್ ಮಾಡಿ, ಕೋಣೆಯಲ್ಲಿ ಒಬ್ಬನೇ ಕೂತು ಮಾಡಿದೆ. ಪದಗಳನ್ನು ಪೆನ್ನಿನಲ್ಲಿ ಎರಡು ಹಾಳೆಗಳ ಮೇಲೆ ಬರೆದೆ, ಫೋಟೋ ತೆಗೆಯಲಿಲ್ಲ. ಎಲೆಕ್ಟ್ರಮ್ ಈ ಪದಗಳನ್ನು ಕೊಡುವ ಪದ್ಧತಿ ಅದರದ್ದೇ, ಬೇರೆ ಎಷ್ಟೋ ವಾಲೆಟ್‌ಗಳು ಅದನ್ನು ಒಪ್ಪುವುದಿಲ್ಲ. ಹಾಗಾಗಿ ಹಾಳೆಯ ಮೇಲೆ "ಎಲೆಕ್ಟ್ರಮ್" ಅಂತಲೂ ಬರೆದಿಡಿ. ನಾಳೆ ಆ ಹಾಳೆ ಬಿಚ್ಚುವವರು ನೀವಲ್ಲದೇ ಇರಬಹುದು. ಕೈ ಪಳಗುವವರೆಗೆ ಎಲೆಕ್ಟ್ರಮ್ ಅನ್ನು ಟೆಸ್ಟ್‌ನೆಟ್ ಅನ್ನುವ ಪ್ರಯೋಗದ ಜಾಲದಲ್ಲಿ ತೆರೆದು ಬೆಲೆಯಿಲ್ಲದ ನಾಣ್ಯಗಳಿಂದ ಕಳಿಸುವುದು, ಪಡೆಯುವುದು, ಪದಗಳಿಂದ ವಾಲೆಟ್ ಮರಳಿ ತರುವುದು ಎಲ್ಲಾ ಮಾಡಿ ನೋಡಬಹುದು. ನಾನು ಮರಳಿ ತರುವುದನ್ನು ಮೂರು ಸಲ ಮಾಡಿದೆ, ಮೊದಲ ಸಲ ಒಂದು ಪದದ ಕಾಗುಣಿತ ತಪ್ಪು ಬರೆದಿದ್ದು ಸಿಕ್ಕಿತು.

ಸ್ವಂತ ಲೈನು ಮತ್ತು 1 ಟಿಬಿ ಡಿಸ್ಕ್ ಇರುವವರು ಕೋರ್ ಹಾಕಿ, ಖಂಡಿತ ಹಾಕಿ. ಪ್ರೂನ್ ಬೇಡ. ನನಗೂ ಒಂದು ದಿನ ಅದು ಒದಗಿದರೆ ನನ್ನ ಎಲೆಕ್ಟ್ರಮ್ ಅನ್ನು ನನ್ನದೇ ನೋಡ್‌ಗೆ ಜೋಡಿಸುವ ಆಸೆ ಇದೆ, ಅಲ್ಲಿಗೆ ನನ್ನ ಅಡ್ರೆಸ್‌ಗಳು ಬೇರೆಯವರ ಸರ್ವರ್‌ಗೆ ಹೋಗುವುದೂ ನಿಲ್ಲುತ್ತದೆ. ಸದ್ಯಕ್ಕೆ ಗ್ರಂಥಾಲಯದ ಕಿಟಕಿ ಪಕ್ಕದ ಕುರ್ಚಿ, ಹಿನ್ನೆಲೆಯಲ್ಲಿ ಟಾರ್, ಮೂಲೆಯಲ್ಲಿ ನೀಲಿ ಚುಕ್ಕೆ. ಈಗ ಕೂತ ತಕ್ಷಣ ನಾನು ನೋಡುವುದು ಎರಡೇ, ಆ ಚುಕ್ಕೆ ಮತ್ತು ಚಾರ್ಜರ್ ಪ್ಲಗ್.