ಒಬ್ಬರೇ ದುಡಿಯುವ ವಿನ್ಯಾಸಕರಿಗೆ ಫಿಗ್ಮಾ: ಆರು ವರ್ಷಗಳ ಬಳಕೆಯ ನಂತರ

ಆ್ಯಪ್ ಮತ್ತು ಜಾಲತಾಣಗಳ ಪರದೆಗಳನ್ನು ವಿನ್ಯಾಸ ಮಾಡಲು ಬಳಸುವ ಫಿಗ್ಮಾ ತಂತ್ರಾಂಶದ ಬಗ್ಗೆ ನಾನು ಓದಿರುವ ವಿಮರ್ಶೆಗಳಲ್ಲಿ ಹೆಚ್ಚಿನವು ಕಂಪನಿಗಳ ವಿನ್ಯಾಸ ತಂಡಗಳಿಗಾಗಿ ಬರೆದವು. ಹತ್ತಾರು ಮಂದಿ ಒಂದೇ ಕಡತದಲ್ಲಿ ಏಕಕಾಲಕ್ಕೆ ಕೆಲಸ ಮಾಡುವಾಗ ಅದು ಎಷ್ಟು ಅನುಕೂಲಕರ ಎಂಬುದನ್ನು ಅವು ಚೆನ್ನಾಗಿಯೇ ವಿವರಿಸುತ್ತವೆ. ಆದರೆ ಕೆಲಸ ಹುಡುಕುವುದರಿಂದ ಹಿಡಿದು ಬಾಕಿ ಹಣ ವಸೂಲು ಮಾಡುವವರೆಗೆ ಎಲ್ಲವನ್ನೂ ಒಬ್ಬರೇ ನಿಭಾಯಿಸಬೇಕಾದ ಫ್ರೀಲ್ಯಾನ್ಸ್ ವಿನ್ಯಾಸಕರ ಕಷ್ಟಗಳು ಬೇರೆ. ಆರು ವರ್ಷಗಳಿಂದ ಇದನ್ನೇ ಮುಖ್ಯ ಸಾಧನವಾಗಿ ಬಳಸಿ ಜೀವನ ನಡೆಸುತ್ತಿರುವ ನನಗೆ ಕಂಡದ್ದು ಇಷ್ಟು: ಫಿಗ್ಮಾ ಮೂಲತಃ ತಂಡಕ್ಕಾಗಿ ಕಟ್ಟಿದ ಸಾಧನ, ಒಬ್ಬರೇ ದುಡಿಯುವವರು ಅದನ್ನು ಹಿಡಿದಾಗ ತಂಡದ ಜಾಗಕ್ಕೆ ಗ್ರಾಹಕರು ಬಂದು ಕೂರುತ್ತಾರೆ. ಅದರಿಂದ ನಮಗೆ ಸಿಗುವ ಉಪಕಾರವೂ ಎದುರಾಗುವ ತೊಡಕೂ ಬಹುಮಟ್ಟಿಗೆ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಡಿಲನ್ ಫೀಲ್ಡ್ ಮತ್ತು ಇವಾನ್ ವಾಲೇಸ್ 2012ರಲ್ಲಿ ಆರಂಭಿಸಿದ ಈ ತಂತ್ರಾಂಶ 2016ರಲ್ಲಿ ಎಲ್ಲರ ಬಳಕೆಗೆ ತೆರೆದುಕೊಂಡಿತು. ಅದುವರೆಗೆ ಇಂಥ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿಕೊಂಡ ಭಾರೀ ತಂತ್ರಾಂಶಗಳೇ ಬೇಕಾಗಿದ್ದವು. ಫಿಗ್ಮಾ ನೇರವಾಗಿ ಬ್ರೌಸರಿನೊಳಗೇ ಓಡುವಂತೆ ರೂಪುಗೊಂಡಿತು. ಗ್ರಾಹಕರು ಯಾವ ತಂತ್ರಾಂಶವನ್ನೂ ಕೊಳ್ಳದೆ, ಕೇವಲ ಒಂದು ಲಿಂಕ್ ತೆರೆದು ನನ್ನ ಕೆಲಸವನ್ನು ನೋಡಬಹುದು ಎಂಬುದು ಕೇಳಲು ಸಣ್ಣ ಸಂಗತಿ. ಆದರೆ ಮೊದಲೆಲ್ಲ ಪಿಡಿಎಫ್ ಮಾಡಿ ಇಮೇಲಿನಲ್ಲಿ ಕಳುಹಿಸುತ್ತಿದ್ದ ದಿನಗಳಲ್ಲಿ, ನಾನು ಐದನೆಯ ಆವೃತ್ತಿಯನ್ನು ತಿದ್ದುತ್ತಿರುವಾಗ ಗ್ರಾಹಕರ ಕಚೇರಿಯ ಇನ್ಯಾರೋ ಮೂರನೆಯ ಆವೃತ್ತಿಯನ್ನು ಮುದ್ರಿಸಿಕೊಂಡು, ಅದರ ಮೇಲೆ ಪೆನ್ನಿನಿಂದ ಗುರುತು ಹಾಕಿ, ಅದರ ಫೋಟೊ ತೆಗೆದು ಕಳುಹಿಸಿದ್ದುಂಟು. ಆ ಗುರುತುಗಳಲ್ಲಿ ಅರ್ಧದಷ್ಟು ನಾನಾಗಲೇ ಸರಿಪಡಿಸಿದ್ದವು. ಎಲ್ಲರೂ ಒಂದೇ ಲಿಂಕ್ ನೋಡುವಂತಾದ ಮೇಲೆ ಈ ಗೊಂದಲ ನನ್ನ ಕೆಲಸದಿಂದ ಪೂರ್ತಿಯಾಗಿ ಹೋಯಿತು. ಇದೊಂದಕ್ಕೇ ನಾನು ಫಿಗ್ಮಾಕ್ಕೆ ಋಣಿ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಪಾಡಿರುವುದು ಅದರ ಕಾಮೆಂಟ್ ವ್ಯವಸ್ಥೆ. ವಿನ್ಯಾಸದ ಯಾವ ಜಾಗದ ಬಗ್ಗೆ ಮಾತೋ ಅದೇ ಜಾಗದಲ್ಲಿ ಗ್ರಾಹಕರು ತಮ್ಮ ಅಭಿಪ್ರಾಯವನ್ನು ಬರೆಯಬಹುದು. ಬರೆದವರ ಹೆಸರು ಮತ್ತು ಸಮಯ ಅದರೊಂದಿಗೇ ಉಳಿಯುತ್ತವೆ. ಒಮ್ಮೆ ಒಂದು ಮೊಬೈಲ್ ಆ್ಯಪ್‌ನ ನೋಂದಣಿ ಪರದೆಗಳನ್ನು ಮಾಡುತ್ತಿದ್ದಾಗ, ಒಂದು ಹಂತವನ್ನೇ ತೆಗೆದುಹಾಕುವಂತೆ ಗ್ರಾಹಕರ ಕಡೆಯಿಂದ ಸೂಚನೆ ಬಂತು. ಐದು ವಾರಗಳ ನಂತರ ಅದೇ ಕಚೇರಿಯ ಮೇಲಧಿಕಾರಿ ಕರೆ ಮಾಡಿ, ಆ ಹಂತ ಎಲ್ಲಿ ಹೋಯಿತು, ಯಾರ ಅನುಮತಿಯಿಂದ ತೆಗೆದಿರಿ ಎಂದು ಸಿಟ್ಟಿನಿಂದ ಕೇಳಿದರು. ಕಂಪನಿಯಲ್ಲಿ ಕೆಲಸ ಮಾಡುವವರಾದರೆ ಅಂಥ ಹೊತ್ತಿನಲ್ಲಿ ಪಕ್ಕಕ್ಕೆ ನಿಲ್ಲಲು ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್ ಇರುತ್ತಾರೆ; ನನ್ನ ಪಕ್ಕದಲ್ಲಿ ಇದ್ದದ್ದು ಆ ಕಾಮೆಂಟ್ ಮಾತ್ರ. ಅದರ ಲಿಂಕ್ ಕಳುಹಿಸಿದ ಮೇಲೆ ಮಾತು ತಣ್ಣಗಾಯಿತು, ಆ ಹಂತವನ್ನು ಮರಳಿ ಸೇರಿಸಿದ್ದಕ್ಕೆ ಪ್ರತ್ಯೇಕ ಹಣವೂ ಬಂತು. ಅಂದಿನಿಂದ ಫೋನಿನಲ್ಲಿ ಹೇಳಿದ ಪ್ರತಿಯೊಂದು ಬದಲಾವಣೆಯನ್ನೂ ನಾನೇ ಕಾಮೆಂಟ್ ಆಗಿ ಬರೆದು, ಸರಿಯೇ ಎಂದು ಕೇಳಿ ಉತ್ತರ ಪಡೆಯುತ್ತೇನೆ. ಹಳೆಯ ಆವೃತ್ತಿಗಳಿಗೆ ಮರಳುವ ಸೌಲಭ್ಯವೂ ಇದೆ. ಆದರೆ ಉಚಿತ ಯೋಜನೆಯಲ್ಲಿ ಅದು 30 ದಿನಗಳಿಗೆ ಸೀಮಿತ. ನಮ್ಮ ಕಸುಬಿನಲ್ಲಿ ತಕರಾರುಗಳು ಸಾಮಾನ್ಯವಾಗಿ ಅದಕ್ಕಿಂತ ತಡವಾಗಿ ಬರುತ್ತವೆ ಎಂಬುದನ್ನು ಹೊಸಬರು ನೆನಪಿನಲ್ಲಿಡಬೇಕು.

ಆದರೆ ಇದೇ ಕಾಮೆಂಟ್ ವ್ಯವಸ್ಥೆ ಕೆಲಸವನ್ನು ಹಿಗ್ಗಿಸುವುದೂ ಇದೆ. ಲಿಂಕ್ ಒಬ್ಬರಿಂದ ಇನ್ನೊಬ್ಬರಿಗೆ ಸುಲಭವಾಗಿ ದಾಟುತ್ತದೆ. ಒಪ್ಪಂದಕ್ಕೆ ಸಹಿ ಹಾಕಿದವರು ಒಬ್ಬರಾದರೆ, ವಾರ ಕಳೆಯುವಷ್ಟರಲ್ಲಿ ಅವರ ಪಾಲುದಾರರು, ಮಾರಾಟ ವಿಭಾಗದವರು, ಕೆಲವೊಮ್ಮೆ ಅವರ ಮನೆಯವರು ಕೂಡ ತಮ್ಮ ತಮ್ಮ ಅಭಿಪ್ರಾಯಗಳನ್ನು ಬರೆದಿರುತ್ತಾರೆ. ಒಬ್ಬರಿಗೆ ಶೀರ್ಷಿಕೆ ದೊಡ್ಡದಾಗಬೇಕು, ಇನ್ನೊಬ್ಬರಿಗೆ ಅದೇ ಶೀರ್ಷಿಕೆ ಇರಲೇಬಾರದು. ಅಭಿಪ್ರಾಯಗಳನ್ನು ಒಟ್ಟುಗೂಡಿಸುವುದರಲ್ಲಿ ಫಿಗ್ಮಾ ಸಮರ್ಥವಾಗಿದೆ. ಯಾರ ಮಾತು ಅಂತಿಮ ಎಂಬುದನ್ನು ಅದು ತೀರ್ಮಾನಿಸಲಾರದು. ಎರಡು ಸುತ್ತಿನ ತಿದ್ದುಪಡಿಗೆ ಒಪ್ಪಿಕೊಂಡು ಆರಂಭಿಸಿದ ಒಂದು ಕೆಲಸ ಹೀಗೆಯೇ ಹನ್ನೊಂದು ಸುತ್ತಿನವರೆಗೆ ಎಳೆದುಕೊಂಡು ಹೋಯಿತು. ತಡೆಯುವ ಷರತ್ತು ಒಪ್ಪಂದದಲ್ಲಿ ಇಲ್ಲದಿದ್ದುದರಿಂದ ಆ ನಷ್ಟವನ್ನು ನಾನೇ ಹೊತ್ತೆ. ಈಗ ನನ್ನ ಪ್ರತಿ ಒಪ್ಪಂದದಲ್ಲಿಯೂ ಗ್ರಾಹಕರ ಕಡೆಯಿಂದ ಅಂತಿಮ ಮಾತು ಹೇಳುವ ಒಬ್ಬರ ಹೆಸರಿರುತ್ತದೆ, ಮತ್ತು ಒಂದು ಸುತ್ತು ಎಂದರೆ ಅವರು ಒಟ್ಟುಗೂಡಿಸಿ ಒಮ್ಮೆಗೇ ಕೊಟ್ಟ ಸೂಚನೆಗಳು ಎಂಬ ವಿವರಣೆಯೂ ಇರುತ್ತದೆ.

ಕೆಲಸ ನಡೆಯುತ್ತಿರುವಾಗಲೇ ಅದನ್ನು ಬೇರೆಯವರು ನೋಡಬಹುದು ಎಂಬುದು ತಂಡಗಳ ಪಾಲಿಗೆ ಫಿಗ್ಮಾದ ದೊಡ್ಡ ಗುಣ. ನನ್ನ ಪಾಲಿಗೆ ಅದು ಬಹುಕಾಲ ಕಿರಿಕಿರಿಯಾಗಿತ್ತು. ಬೆಳಗಿನ ಹೊತ್ತು ಬಣ್ಣಗಳನ್ನು ಇನ್ನೂ ಹಾಕದೆ ಚೌಕಟ್ಟುಗಳನ್ನಷ್ಟೇ ಜೋಡಿಸುತ್ತಿರುವಾಗ ಪರದೆಯ ಮೂಲೆಯಲ್ಲಿ ಗ್ರಾಹಕರ ಹೆಸರಿನ ಕರ್ಸರ್ ಕಾಣಿಸಿಕೊಂಡರೆ ಕೈ ನಿಂತುಹೋಗುತ್ತದೆ. ವಿನ್ಯಾಸದಲ್ಲಿ ಕೆಟ್ಟದ್ದನ್ನು ಮಾಡಿ ನೋಡಿ ಬಿಡುವ ಸ್ವಾತಂತ್ರ್ಯ ಅಗತ್ಯ. ಯಾರೋ ನೋಡುತ್ತಿದ್ದಾರೆ ಎಂದಾಗ ನಾವು ಸುರಕ್ಷಿತವಾದುದನ್ನೇ ಮಾಡುತ್ತೇವೆ. ಅರ್ಧ ಬೆಂದದ್ದನ್ನು ನೋಡಿ ಗಾಬರಿಗೊಂಡ ಗ್ರಾಹಕರಿಗೆ ಸಮಾಧಾನ ಹೇಳುವುದರಲ್ಲಿ ಇಡೀ ಮಧ್ಯಾಹ್ನ ಕಳೆದದ್ದೂ ಇದೆ. ಪರಿಹಾರ ಸರಳ, ಆದರೆ ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು: ಕೆಲಸದ ಕಡತ ನನ್ನ ಬಳಿ ಮಾತ್ರ ಇರುತ್ತದೆ, ತೋರಿಸಲು ಸಿದ್ಧವಾದ ಪರದೆಗಳನ್ನು ಮತ್ತೊಂದು ಕಡತಕ್ಕೆ ನಕಲು ಮಾಡಿ ಅದರ ಲಿಂಕ್ ಕೊಡುತ್ತೇನೆ. ಎರಡನ್ನೂ ಸರಿಯಾಗಿ ಹೊಂದಿಸಿಕೊಂಡು ಹೋಗುವ ಶ್ರಮ ಇದೆ. ಮನಸ್ಸಿನ ನೆಮ್ಮದಿಗೆ ಹೋಲಿಸಿದರೆ ಅದು ಕಡಿಮೆಯೇ.

ವೇಗದ ವಿಷಯದಲ್ಲಿ ಹೊಗಳಲೇಬೇಕಾದದ್ದು 2019ರ ಕೊನೆಯಲ್ಲಿ ಬಂದ ಆಟೋ ಲೇಔಟ್. ಒಂದು ಬಟನ್‌ನ ಒಳಗಿನ ಪದ ಉದ್ದವಾದರೆ ಬಟನ್ ತಾನೇ ಹಿಗ್ಗುತ್ತದೆ, ಪಟ್ಟಿಯ ಒಂದು ಸಾಲು ತೆಗೆದರೆ ಉಳಿದ ಸಾಲುಗಳು ತಾವೇ ಮೇಲಕ್ಕೆ ಸರಿಯುತ್ತವೆ. ಕಾಂಪೊನೆಂಟುಗಳನ್ನು, ಅಂದರೆ ಹಲವು ಪರದೆಗಳಲ್ಲಿ ಮತ್ತೆ ಮತ್ತೆ ಬಳಸುವ ತುಣುಕುಗಳನ್ನು, ಮೊದಲೇ ಶಿಸ್ತಾಗಿ ಕಟ್ಟಿಕೊಂಡರೆ ನಲವತ್ತು ಪರದೆಗಳ ಮೂಲೆಗಳನ್ನು ಒಂದೇ ಬದಲಾವಣೆಯಿಂದ ದುಂಡಗೆ ಮಾಡಬಹುದು. ಸಂಬಳಕ್ಕೆ ದುಡಿಯುವವರಿಗೆ ಇದು ಪೂರ್ತಿ ಲಾಭ. ಗಂಟೆಗಳ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದ ನನಗೆ ಮಾತ್ರ, ಕೆಲಸ ಬೇಗ ಮುಗಿದಷ್ಟೂ ಆದಾಯ ಕಡಿಮೆಯಾಗತೊಡಗಿತು. ಮೊದಲು ಎರಡು ದಿನ ಬೇಡುತ್ತಿದ್ದ ತಿದ್ದುಪಡಿ ಎರಡು ಗಂಟೆಗೆ ಮುಗಿಯುತ್ತಿತ್ತು. ಆ ಎರಡು ಗಂಟೆಯ ಹಿಂದೆ ಕಾಂಪೊನೆಂಟುಗಳನ್ನು ಕಟ್ಟಿದ ಮೂರು ದಿನಗಳಿವೆ ಎಂಬುದು ಬಿಲ್ಲಿನಲ್ಲಿ ಎಲ್ಲಿಯೂ ಕಾಣಿಸುತ್ತಿರಲಿಲ್ಲ. ಗಂಟೆಯ ದರವನ್ನು ಬಿಟ್ಟು ಇಡೀ ಕೆಲಸಕ್ಕೆ ಇಷ್ಟು ಎಂದು ಬೆಲೆ ಹೇಳಲು ಆರಂಭಿಸಿದ ಮೇಲೆಯೇ ಈ ಸೌಲಭ್ಯದ ಫಲ ನನ್ನ ಕೈಗೂ ಬಂತು.

ಇನ್ನು ಹಣದ ವಿಷಯ. ಈ ವಿಮರ್ಶೆಯನ್ನು ಬರೆಯಲು ಹೊರಟದ್ದು ಮುಖ್ಯವಾಗಿ ಇದಕ್ಕಾಗಿಯೇ. ಫಿಗ್ಮಾದ ಕಡತಕ್ಕೆ ಎಡಿಟ್ ಮಾಡುವ ಅನುಮತಿ ಕೊಟ್ಟ ಕ್ಷಣವೇ, ಆ ಕಡತವನ್ನು ನಕಲು ಮಾಡಿ ತಮ್ಮದಾಗಿ ಇಟ್ಟುಕೊಳ್ಳುವ ದಾರಿಯೂ ಗ್ರಾಹಕರಿಗೆ ತೆರೆದಂತಾಗುತ್ತದೆ. ಮೂರನೆಯ ವರ್ಷದಲ್ಲಿ ಒಬ್ಬ ಗ್ರಾಹಕರು ಕೊನೆಯ ಕಂತು ಕೊಡುವುದಕ್ಕೆ ಮೊದಲು, ಒಂದೆರಡು ಪದಗಳನ್ನು ತಾವೇ ತಿದ್ದಿಕೊಳ್ಳುವುದಾಗಿ ಹೇಳಿ ಎಡಿಟ್ ಅನುಮತಿ ಕೇಳಿದರು. ನಾಲ್ಕು ತಿಂಗಳ ಒಡನಾಟ, ನಂಬಿ ಕೊಟ್ಟೆ. ಮರುದಿನದಿಂದ ಅವರು ಫೋನ್ ಎತ್ತಲಿಲ್ಲ, ಇಮೇಲುಗಳಿಗೆ ಉತ್ತರ ಬರಲಿಲ್ಲ. ಕೆಲವು ವಾರಗಳ ನಂತರ ಆ ವಿನ್ಯಾಸ ಒಂದಿಷ್ಟೂ ಬದಲಾಗದೆ ಅವರ ಜಾಲತಾಣದಲ್ಲಿ ಕಾಣಿಸಿಕೊಂಡಿತು. ಬಾಕಿ ಇದ್ದದ್ದು ಒಟ್ಟು ಮೊತ್ತದ ಅರ್ಧ. ಆ ತಿಂಗಳು ನಾನು ಅನುಭವಿಸಿದ ಅವಮಾನವನ್ನು ಇವತ್ತಿಗೂ ಮರೆತಿಲ್ಲ.

ಆ ತಪ್ಪು ತಂತ್ರಾಂಶದ್ದಲ್ಲ. ಒಂದೇ ಕಂಪನಿಯ ಸಹೋದ್ಯೋಗಿಗಳ ನಡುವೆ ಇರುವ ನಂಬಿಕೆಯನ್ನು ಆಧಾರವಾಗಿಟ್ಟುಕೊಂಡು ಅದರ ಅನುಮತಿ ವ್ಯವಸ್ಥೆ ರೂಪುಗೊಂಡಿದೆ. ಕೊಡುವವರು ಮತ್ತು ಕೊಳ್ಳುವವರ ನಡುವಿನ ಸಂಬಂಧಕ್ಕೆ ಅದು ತಾನಾಗಿ ಒಗ್ಗುವುದಿಲ್ಲ. ನೋಡಲು ಮಾತ್ರ ಅನುಮತಿ ಇರುವವರೂ ನಕಲು ಮಾಡದಂತೆ, ಎಕ್ಸ್‌ಪೋರ್ಟ್ ಮಾಡದಂತೆ ತಡೆಯುವ ಆಯ್ಕೆ ಹಣ ಕೊಡುವ ಯೋಜನೆಗಳಲ್ಲಿದೆ, ಆದರೆ ಅದನ್ನು ನಾವೇ ಹುಡುಕಿ ಹಾಕಿಕೊಳ್ಳಬೇಕು. ಒಬ್ಬರೇ ದುಡಿಯುವವರು ಉಚಿತ ಯೋಜನೆಯಿಂದ ಮೇಲಕ್ಕೆ ಹೋಗುವುದು ಯಾವಾಗ ಎಂದು ನನ್ನನ್ನು ಕೇಳಿದರೆ, ಈ ಆಯ್ಕೆಯನ್ನೇ ಕಾರಣವಾಗಿ ಹೇಳುತ್ತೇನೆ. ಈಗ ನಾನು ಕೊನೆಯ ಕಂತು ಬಂದ ಮೇಲೆಯೇ ಕಡತದ ಮಾಲೀಕತ್ವವನ್ನು ಗ್ರಾಹಕರಿಗೆ ವರ್ಗಾಯಿಸುತ್ತೇನೆ. ಅದಕ್ಕೂ ಮೊದಲು ಅವರಿಗೆ ಸಿಗುವುದು ನೋಡುವ ಮತ್ತು ಕಾಮೆಂಟ್ ಬರೆಯುವ ಅನುಮತಿ ಮಾತ್ರ. ಒಳ್ಳೆಯ ಗ್ರಾಹಕರು ಯಾರೂ ಇದಕ್ಕೆ ಬೇಸರಪಟ್ಟುಕೊಂಡಿಲ್ಲ.

ಚಂದಾದ ಸ್ವರೂಪವೂ ತಂಡಗಳ ಲೆಕ್ಕಾಚಾರದ್ದೇ. ಶುಲ್ಕ ನಿಗದಿಯಾಗುವುದು ಸೀಟುಗಳ ಲೆಕ್ಕದಲ್ಲಿ. ನೋಡುವವರಿಗೆ ಹಣವಿಲ್ಲ, ತಿದ್ದುವವರಿಗೆ ಇದೆ. ಹಾಗಾಗಿ ಗ್ರಾಹಕರನ್ನು ನಮ್ಮ ತಂಡದೊಳಗೆ ತಿದ್ದುವವರಾಗಿ ಸೇರಿಸಿಕೊಳ್ಳುವ ಮೊದಲು ಅದರ ಶುಲ್ಕ ಯಾರ ತಲೆಗೆ ಬರುತ್ತದೆ ಎಂದು ನೋಡಿಕೊಳ್ಳಬೇಕು. ಕೆಲಸವಿಲ್ಲದ ತಿಂಗಳಲ್ಲಿಯೂ ಚಂದಾ ಕಟ್ಟಬೇಕು ಎಂಬುದು ನಮ್ಮಂಥವರ ಹಳೆಯ ನೋವು. ಫೋಟೊಶಾಪ್ ತಯಾರಿಸುವ ಅಡೋಬಿ ಕಂಪನಿ ತನ್ನ ತಂತ್ರಾಂಶಗಳನ್ನು ಒಮ್ಮೆ ಕೊಂಡು ಇಟ್ಟುಕೊಳ್ಳುವ ಪದ್ಧತಿಯಿಂದ ಚಂದಾ ಪದ್ಧತಿಗೆ ಸರಿಯುವುದಾಗಿ 2013ರಲ್ಲಿ ಪ್ರಕಟಿಸಿದಾಗಿನಿಂದ ಇದು ನಮ್ಮ ಜೊತೆಗಿದೆ. ಆದಾಯ ಏರಿಳಿಯುತ್ತದೆ, ಖರ್ಚು ಮಾತ್ರ ಪ್ರತಿ ತಿಂಗಳೂ ಒಂದೇ ತಾರೀಖಿಗೆ ಬಂದು ನಿಲ್ಲುತ್ತದೆ.

ಫಾಂಟುಗಳ ಬಗ್ಗೆ ಒಂದು ಎಚ್ಚರಿಕೆ. ಗೂಗಲ್ ಫಾಂಟುಗಳು ಫಿಗ್ಮಾದಲ್ಲಿ ನೇರವಾಗಿ ಸಿಗುತ್ತವೆ, ಅವುಗಳನ್ನು ಬಳಸಿದರೆ ತೊಂದರೆಯಿಲ್ಲ. ನಾನು ಹಣ ಕೊಟ್ಟು ಕೊಂಡ ಫಾಂಟಿನಲ್ಲಿ ಮಾಡಿದ ವಿನ್ಯಾಸವನ್ನು ಗ್ರಾಹಕರು ತಿದ್ದಲು ಹೋದರೆ, ಆ ಫಾಂಟ್ ಅವರ ಕಂಪ್ಯೂಟರಿನಲ್ಲಿ ಇಲ್ಲವೆಂಬ ಸೂಚನೆ ಬರುತ್ತದೆ. ಆಗ ಅವರು ಸಹಜವಾಗಿ ಫಾಂಟ್ ಕಡತವನ್ನೇ ಕಳುಹಿಸಿ ಎನ್ನುತ್ತಾರೆ. ನನ್ನ ಪರವಾನಗಿ ಸಾಮಾನ್ಯವಾಗಿ ನನಗೆ ಮಾತ್ರ. ಅದನ್ನು ಹಂಚುವ ಹಕ್ಕು ನನಗಿರುವುದಿಲ್ಲ. ಫಾಂಟಿನ ಪರವಾನಗಿಯನ್ನು ಗ್ರಾಹಕರೇ ಕೊಳ್ಳಬೇಕು ಎಂಬ ಸಾಲನ್ನು ಅಂದಾಜು ಪಟ್ಟಿಯಲ್ಲಿಯೇ ಸೇರಿಸುವುದು ಒಳ್ಳೆಯದು. ಮುದ್ರಣಕ್ಕೆ ಹೋಗುವ ಕೆಲಸಕ್ಕಂತೂ ನಾನು ಫಿಗ್ಮಾವನ್ನು ಬಳಸುವುದಿಲ್ಲ. ಅದು ಪರದೆಯ ಮೇಲಿನ ವಿನ್ಯಾಸಕ್ಕಾಗಿ ಹುಟ್ಟಿದ ಸಾಧನ.

ಗೌಪ್ಯತಾ ಒಪ್ಪಂದಕ್ಕೆ ಸಹಿ ಹಾಕಿ ಕೆಲಸ ಮಾಡುವವರು ಒಂದು ಸೆಟ್ಟಿಂಗನ್ನು ಇವತ್ತೇ ನೋಡಿಕೊಳ್ಳಬೇಕು. 2024ರಲ್ಲಿ ಫಿಗ್ಮಾ ಕೃತಕ ಬುದ್ಧಿಮತ್ತೆಯ ಸೌಲಭ್ಯಗಳನ್ನು ಪ್ರಕಟಿಸಿದಾಗ, ಬಳಕೆದಾರರ ಕಡತಗಳನ್ನು ಅದರ ತರಬೇತಿಗೆ ಬಳಸುವ ಬಗ್ಗೆ ಒಂದು ಆಯ್ಕೆಯನ್ನೂ ಸೇರಿಸಿತು. ದೊಡ್ಡ ಸಂಸ್ಥೆಗಳ ಯೋಜನೆಗಳಲ್ಲಿ ಅದು ಮೊದಲಿನಿಂದಲೇ ಆಫ್ ಆಗಿತ್ತು. ಉಚಿತ ಮತ್ತು ಪ್ರೊಫೆಷನಲ್ ಯೋಜನೆಗಳಲ್ಲಿ, ಅಂದರೆ ನಮ್ಮಂಥವರು ಬಳಸುವ ಯೋಜನೆಗಳಲ್ಲಿ, ಆನ್ ಆಗಿತ್ತು. ಬಿಡುಗಡೆಯಾಗದ ಉತ್ಪನ್ನದ ಪರದೆಗಳು ನಮ್ಮ ಕಡತಗಳಲ್ಲಿರುತ್ತವೆ. ಅವುಗಳ ಹೊಣೆ ಹೊತ್ತು ಸಹಿ ಹಾಕಿದವರು ನಾವೇ ಆಗಿರುವಾಗ, ಈ ಆಯ್ಕೆಯನ್ನು ಕೂಡ ನಾವೇ ತೀರ್ಮಾನಿಸಬೇಕು.

ಒಂದೇ ಸಾಧನವನ್ನು ನಂಬಿ ಬದುಕುವ ಭಯವೂ ನನ್ನಲ್ಲಿದೆ. 2022ರ ಸೆಪ್ಟೆಂಬರಿನಲ್ಲಿ ಅಡೋಬಿ 2,000 ಕೋಟಿ ಡಾಲರಿಗೆ ಫಿಗ್ಮಾವನ್ನು ಕೊಳ್ಳುವುದಾಗಿ ಪ್ರಕಟಿಸಿದ ದಿನ ನಾನು ನಿಜವಾಗಿಯೂ ಕಂಗಾಲಾಗಿದ್ದೆ. ಬೆಲೆ ಏರುತ್ತದೆಯೋ, ಸಾಧನವೇ ಬದಲಾಗುತ್ತದೆಯೋ ತಿಳಿಯದಾಗಿತ್ತು. ಯುರೋಪ್ ಮತ್ತು ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರ ಆಕ್ಷೇಪಗಳ ನಂತರ 2023ರ ಡಿಸೆಂಬರಿನಲ್ಲಿ ಆ ಒಪ್ಪಂದ ಮುರಿದುಬಿತ್ತು. ಆದರೆ ಅದೇ ಅವಧಿಯಲ್ಲಿ ಫಿಗ್ಮಾಕ್ಕೆ ಪ್ರತಿಸ್ಪರ್ಧಿಯಾಗಿದ್ದ ಅಡೋಬಿಯ ಎಕ್ಸ್‌ಡಿ ತಂತ್ರಾಂಶದ ಪ್ರತ್ಯೇಕ ಮಾರಾಟ ನಿಂತಿತು. ಅದನ್ನೇ ಕಲಿತು ನೆಚ್ಚಿಕೊಂಡಿದ್ದವರು ಹೊಸದಾಗಿ ಕಲಿಯಬೇಕಾಯಿತು, ಮತ್ತು ಫ್ರೀಲ್ಯಾನ್ಸರಿಗೆ ಕಲಿಕೆಯ ದಿನಗಳಿಗೆ ಸಂಬಳವಿಲ್ಲ. ಈ ಕಾರಣಕ್ಕಾಗಿ ಮುಕ್ತ ತಂತ್ರಾಂಶವಾದ ಪೆನ್‌ಪಾಟ್‌ನಲ್ಲಿ ವರ್ಷಕ್ಕೆ ಒಂದೆರಡು ಸಣ್ಣ ಕೆಲಸಗಳನ್ನಾದರೂ ಮಾಡುತ್ತಿದ್ದೇನೆ. ಅದು ಫಿಗ್ಮಾದಷ್ಟು ನಯವಾಗಿಲ್ಲ, ಆದರೆ ನಮ್ಮದೇ ಸರ್ವರಿನಲ್ಲಿ ನಡೆಸಬಹುದಾದ ಸಾಧನವೊಂದು ಕೈಗೆ ಪರಿಚಯವಿರುವುದು ಧೈರ್ಯ ಕೊಡುತ್ತದೆ.

ಫಿಗ್ಮಾದ ಕಡತವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಾದರೂ, ಅದನ್ನು ಮತ್ತೆ ತೆರೆಯಲು ಸಾಮಾನ್ಯವಾಗಿ ಫಿಗ್ಮಾವೇ ಬೇಕು. ಆದ್ದರಿಂದ ಪ್ರತಿ ಕೆಲಸ ಮುಗಿದಾಗ ಅಂತಿಮ ಪರದೆಗಳನ್ನು ಪಿಡಿಎಫ್ ಮತ್ತು ಎಸ್‌ವಿಜಿ ಎಂಬ, ಬೇರೆ ತಂತ್ರಾಂಶಗಳಲ್ಲಿಯೂ ತೆರೆಯುವ ರೂಪಗಳಲ್ಲಿ ತೆಗೆದು, ಒಪ್ಪಂದ, ಇನ್‌ವಾಯ್ಸ್ ಮತ್ತು ಮುಖ್ಯ ಕಾಮೆಂಟುಗಳ ಸ್ಕ್ರೀನ್‌ಶಾಟುಗಳ ಜೊತೆಗೆ ಒಂದು ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇನೆ. ಇದಕ್ಕೆ ಅರ್ಧ ದಿನ ಬೇಕಾಗುತ್ತದೆ, ಆ ಅರ್ಧ ದಿನವನ್ನು ಈಗ ಅಂದಾಜು ಪಟ್ಟಿಯಲ್ಲಿ ಸೇರಿಸಿಯೇ ಬೆಲೆ ಹೇಳುತ್ತೇನೆ.